ಎರಡು ಬೆರಳು ಎಡಕ್ಕೆ

ಪ್ಯಾಡ್ ನೆಟ್ಟಗೆ ಕೂತಿರಲಿಲ್ಲ. ಹಾಲೆಯಿವಾ ಎಂಬ ಕಡಲೂರಿನ ರಿಪೇರಿ ಶೆಡ್ಡಿನಲ್ಲಿ, ಹತ್ತು ತಿಂಗಳ ನಂತರ ತನ್ನ ಸರ್ಫ್‌ಬೋರ್ಡನ್ನು ಕಂಡ ನೊಹೇಯಾಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಹಿಂಗಾಲು ಜಾರದಿರಲೆಂದು ಬೋರ್ಡಿನ ಬಾಲದ ಮೇಲೆ ಅಂಟಿಸುವ ಆ ಬೂದು ಬಣ್ಣದ ಮೆತ್ತನೆಯ ಹಾಸು, ನಡುಗೆರೆಯಿಂದ ಎರಡು ಬೆರಳು ಎಡಕ್ಕೆ ಸರಿದಿತ್ತು.

ಬಾಗಿಲ ಬಳಿ ಬೀಸುಬಲೆ ಹೆಣೆಯುತ್ತಿದ್ದ ಅಂಕಲ್ ಸೋಲ್ ತಲೆ ಎತ್ತದೆಯೇ ನಕ್ಕರು. "ಇಪ್ಪತ್ತು ವರ್ಷದಿಂದ ಊರಿನ ಬೋರ್ಡೆಲ್ಲ ಇವನೇ ರಿಪೇರಿ ಮಾಡೋದು. ನಿನ್ನ ಬೋರ್ಡಿಗೇ ಕಣ್ಣು ಮಂಜಾಗೋಯ್ತು ನೋಡಮ್ಮ."

ಬೋರ್ಡ್ ರಿಪೇರಿ ಮಾಡಿದ್ದ ಗ್ಯಾರೆಟ್ ಓಶಿರೋನ ಕಿವಿ ಕೆಂಪಾಯಿತು.  ಒಮ್ಮೆ ಹತ್ತಿ ನೋಡು, ಸರಿಯಾಗದಿದ್ದರೆ ವಾಪಸ್ ತಾ ಎಂದಷ್ಟೇ ಹೇಳಿ, ಬೋರ್ಡನ್ನು ಎತ್ತಿ ಅವಳ ಕೈಗೆ ಕೊಟ್ಟ.

ನೊಹೇಯಾ ಬರಿಗೈಯಲ್ಲಿ ಬಂದಿರಲಿಲ್ಲ. ಮನೆಯಲ್ಲೇ ಬೇಯಿಸಿದ ಬೆಣ್ಣೆ ಮೋಚಿ ಎಂಬ ಅಕ್ಕಿಹಿಟ್ಟಿನ ಸಿಹಿಯ ಡಬ್ಬಿ ತಂದಿದ್ದಳು. ಹತ್ತು ತಿಂಗಳಿಂದ ಬಾಯಿಪಾಠ ಮಾಡಿದ ಒಂದು ಮಾತನ್ನೂ ತಂದಿದ್ದಳು. ಡಬ್ಬಿ ಮೇಜಿನ ಮೇಲೆ ಉಳಿಯಿತು, ಮಾತು ಗಂಟಲಲ್ಲೇ ಉಳಿಯಿತು.

ಜನವರಿಯ ಒಂದು ಬೆಳಿಗ್ಗೆ ದೊಡ್ಡ ಅಲೆಯೊಂದು ಅವಳ ಬೋರ್ಡನ್ನು ಎರಡು ತುಂಡು ಮಾಡಿ, ಅದರಡಿಯ ಚೂಪು ರೆಕ್ಕೆಯಂಥ ಫಿನ್ನಿನಿಂದ ಬಲಗಾಲನ್ನು ಸೀಳಿತ್ತು. ಹತ್ತಿರದಲ್ಲಿದ್ದವನು ಗ್ಯಾರೆಟ್. ತನ್ನ ಕಾಲಿಗೆ ಕಟ್ಟಿದ್ದ ಬೋರ್ಡಿನ ಹಗ್ಗ ಬಿಚ್ಚಿ, ರಕ್ತ ನಿಲ್ಲಲೆಂದು ಅವಳ ಮೊಣಕಾಲಿನ ಮೇಲೆ ಬಿಗಿದು ದಡಕ್ಕೆ ಎಳೆದು ತಂದಿದ್ದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಬದುಕುಳಿಯುವುದು ಕಷ್ಟವಿತ್ತು ಎಂದು ವೈದ್ಯರು ಹೇಳಿದ್ದರು. ಗಾಯ ಮಾಗಿತು. ಆದರೆ ಆ ಕಾಲಿನ ಕೊನೆಯ ಎರಡು ಬೆರಳಿಗೆ ಸ್ಪರ್ಶ ಮರಳಲಿಲ್ಲ.

ಆಸ್ಪತ್ರೆಯಿಂದ ಅವಳು ನೇರವಾಗಿ ಬೇರೊಂದು ದ್ವೀಪದ ಹಿಲೋದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದಳು. ಅಲ್ಲಿನ ಶಾಲೆಯೊಂದು ಅವಳನ್ನು ಮೂರನೇ ತರಗತಿಯ ಟೀಚರ್ ಕೆಲಸಕ್ಕೆ ಕರೆದಿತ್ತು. ಶುಕ್ರವಾರದೊಳಗೆ ಉತ್ತರ ಹೇಳಬೇಕು. ನೊಹೇಯಾ ತನ್ನೊಳಗೆ ಒಂದು ಕರಾರು ಮಾಡಿಕೊಂಡಿದ್ದಳು. ಕಾಲು ಬೋರ್ಡಿನ ಮೇಲೆ ನಿಂತರೆ ಹಾಲೆಯಿವಾ. ನಿಲ್ಲದಿದ್ದರೆ ಬೋರ್ಡು ಮಾರಿ ಹಿಲೋಗೆ. ಅಲೆಗಳನ್ನು ದಡದಲ್ಲಿ ಕೂತು ನೋಡುತ್ತಾ ಈ ಊರಲ್ಲಿ ಬದುಕುವುದು ಅವಳಿಂದಾಗದು.

ಮಂಗಳವಾರ ಬೆಳಿಗ್ಗೆ ಊರ ಪಕ್ಕದ ಪುವಾಯೇನಾ ದಡದಲ್ಲಿ ಅಲೆಗಳು ಸೊಂಟದೆತ್ತರ ಮಾತ್ರ ಇದ್ದವು. ಅವಳು ಮೂರು ಅಲೆ ಹಿಡಿದಳು, ಮೂರರಲ್ಲೂ ಬಿದ್ದಳು. ಪ್ರತಿ ಸಲವೂ ಹಿಂದೆ ಇಡುವ ಬಲಗಾಲು ಪ್ಯಾಡಿನ ಅಂಚಿಗೆ ಬೀಳುತ್ತಿತ್ತು. ಅರ್ಧ ಪಾದ ಹಾಸಿನ ಮೇಲೆ, ಇನ್ನರ್ಧ ನುಣುಪಾದ ಬೋರ್ಡಿನ ಮೇಲೆ. ಜಡವಾದ ಬೆರಳುಗಳು ಯಾವುದನ್ನೂ ಹಿಡಿಯುತ್ತಿರಲಿಲ್ಲ.

ಉಪ್ಪುನೀರು ಸುರಿಸುತ್ತಲೇ ಅವಳು ಶೆಡ್ಡಿಗೆ ಬಂದಳು.

"ವಾರೆ ಅಂಟಿಸಿದೀಯ ಗ್ಯಾರೆಟ್. ಬೇರೆ ಯಾರ ಬೋರ್ಡಿಗಾದ್ರೂ ಹೀಗೆ ಮಾಡ್ತಿದ್ದೆಯಾ?"

"ಇಲ್ಲ," ಎಂದ ಅವನು. "ಬೇರೆಯವರಿಗೆ ನಡುವಿಗೇ ಅಂಟಿಸ್ತೀನಿ."

ಆ ಉತ್ತರ ಅವಳಿಗೆ ಇನ್ನಷ್ಟು ಕೋಪ ಬರಿಸಿತು.  ಗ್ಯಾರೆಟ್ ಬೋರ್ಡನ್ನು ಒರೆಸಿ ಕಟ್ಟೆಯ ಮೇಲೆ ಮಲಗಿಸಿದ, ಹೇರ್ ಡ್ರೈಯರಿನಿಂದ ಪ್ಯಾಡಿಗೆ ಹದವಾಗಿ ಬಿಸಿ ತಾಗಿಸಿದ. ಆಮೇಲೆ ಮೀನಿನ ಗಾಳದ ಒಂದು ಮಾರು ದಾರ ಕತ್ತರಿಸಿ, ಒಂದು ತುದಿಯನ್ನು ಅವಳತ್ತ ಚಾಚಿದ. ಪ್ಯಾಡಿನಡಿಗೆ ದಾರ ತೂರಿಸಿ ಇಬ್ಬರೂ ಗರಗಸದಂತೆ ಎಳೆಯಬೇಕು; ಹಾಗೆ ಮಾಡಿದರೆ ಮಾತ್ರ ಬೋರ್ಡಿಗೆ ಗೀರು ಬೀಳದೆ ಅಂಟು ಬಿಡುತ್ತದೆ.

ಅವಳು ಎಳೆದಳು. ಅವನು ಎಳೆದ. ದಾರ ಒಂದು ಕ್ಷಣ ಅವಳ ಕಡೆ, ಒಂದು ಕ್ಷಣ ಅವನ ಕಡೆ. ಎದುರುಬದುರು ಬಾಗಿದ್ದರಿಂದ ಅವನ ಹುಬ್ಬಿನ ಮೇಲೆ ಅಂಟಿದ್ದ ಬಿಳಿಯ ಫೈಬರ್ ಪುಡಿ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಕಣ್ಣೆತ್ತಿದಾಗ ಅವಳು ದಾರ ನೋಡಿದಳು. ಅವಳು ಕಣ್ಣೆತ್ತಿದಾಗ ಅವನು ದಾರ ನೋಡಿದ. ಹೀಗೆ ನಾಲ್ಕಾರು ಸಲ ಆದ ಮೇಲೆ ಇಬ್ಬರ ಲೆಕ್ಕವೂ ತಪ್ಪಿ ಕಣ್ಣುಗಳು ಕೂಡಿದವು.

"ಯಾಕೆ ಎಡಕ್ಕೆ?" ಈಗ ಅವಳ ದನಿಯಲ್ಲಿ ಕೋಪವಿರಲಿಲ್ಲ.

"ನೀನು ಅಲ್ಲೇ ಕಾಲಿಡ್ತಿದ್ದೆ. ಹಿಮ್ಮಡಿಗೆ ಭಾರ ಕೊಟ್ಟು, ನಡುವಿಂದ ಎರಡು ಬೆರಳು ಎಡಕ್ಕೆ."

"ಜಾರದಿರಲಿ ಅಂತ ಹಚ್ಚಿದ್ದ ಹಳೇ ಮೇಣದಲ್ಲಿ ಕಾಲಿನ ಗುರುತು ನೋಡಿದ್ಯಾ?"

"ಮೇಣ ಎಲ್ಲಿತ್ತು? ಮುರಿದ ಬೋರ್ಡು ಜೋಡಿಸೋವಾಗ ಎಲ್ಲ ಕೆರೆದು ತೆಗೆದೆ. ಮೇಲಿನ ಫೈಬರ್ ಪದರವೇ ಹೊಸದು."

ದಾರ ನಿಂತಿತು.

"ಎಂಟು ಚಳಿಗಾಲ ನಿನ್ನ ಹಿಂದೇನೇ ಕೂತಿದ್ದೀನಿ ನೊಹೇಯಾ, ನೀರಲ್ಲಿ ಅಲೆ ಕಾಯ್ತಾ," ಎಂದ ಗ್ಯಾರೆಟ್, ಪ್ಯಾಡಿನತ್ತಲೇ ನೋಡುತ್ತಾ. "ನನ್ನ ಸರದಿಯ ಅಲೆ ಬಿಟ್ಟುಕೊಟ್ಟು ನಿನ್ನ ನೋಡ್ತಿದ್ದೆ."

"ಓಹೋ," ಎಂದರು ಇವತ್ತೂ ಬಾಗಿಲ ಬಳಿ ಬಲೆ ಹೆಣೆಯುತ್ತಿದ್ದ ಅಂಕಲ್ ಸೋಲ್. "ನಾನು ಇಷ್ಟು ವರ್ಷ ಈ ಹುಡುಗನಿಗೆ ಅಲೆ ಅಂದ್ರೆ ಹೆದರಿಕೆ ಅಂದ್ಕೊಂಡಿದ್ದೆ." ಬಲೆ ಸುತ್ತಿ ಹೆಗಲಿಗೇರಿಸಿಕೊಂಡು, ಎರಡು ತುಂಡು ಮೋಚಿ ಎತ್ತಿಕೊಂಡು ಅವರು ಹೊರನಡೆದರು.

ನೊಹೇಯಾಳ ಗಂಟಲಲ್ಲಿದ್ದ ಮಾತು ಆಗ ಹೊರಬಂತು. ಬಾಯಿಪಾಠ ಮಾಡಿದ್ದ ಚಂದದ ವಾಕ್ಯ ಅಲ್ಲ ಅದು. "ಉಸಿರಾಡ್ತಿದ್ದೀನಲ್ಲ, ಅದು ನಿನ್ನಿಂದ. ಹೇಳೋಕೆ ಬರಲಿಲ್ಲ. ಹೇಳಿದ್ರೆ ಅಳ್ತೀನೇನೋ ಅಂತ ಹಿಲೋಗೆ ಹೋದೆ."

"ಈಗ್ಲೂ ಅಳ್ತಿದ್ದೀಯ."

"ಉಪ್ಪುನೀರು ಮಾರಾಯ," ಎಂದು ಮುಖ ಒರೆಸಿಕೊಂಡು, ಜಡವಾದ ಬೆರಳುಗಳ ವಿಷಯವನ್ನೂ ಹಿಲೋದ ಶುಕ್ರವಾರವನ್ನೂ ಅವನಿಗೆ ಹೇಳಿದಳು.

 ತಪ್ಪು ತನ್ನದೇ ಎಂದು ಗ್ಯಾರೆಟ್ ಒಪ್ಪಿಕೊಂಡ. ಹಳೆಯ ನೊಹೇಯಾಳ ಕಾಲಿಗೆ ಪ್ಯಾಡ್ ಅಂಟಿಸಿದ್ದ. ಹೊಸ ಕಾಲನ್ನು ಕೇಳಿಯೇ ಇರಲಿಲ್ಲ. ಈಗ ಕೇಳಬೇಕು. ಬಾಲದವರೆಗೂ ಬರೀ ಮೇಣ ಹಚ್ಚೋಣ, ಬೆಚ್ಚನೆಯ ನೀರಿಗೆ ಒಗ್ಗುವ ಗಟ್ಟಿ ಮೇಣ. ಎರಡು ದಿನ ಹತ್ತಿಳಿದರೆ ಕಾಲೇ ತನ್ನ ಜಾಗ ಒತ್ತಿ ತೋರಿಸುತ್ತದೆ ಎಂದ.

ಬುಧವಾರವೂ ಗುರುವಾರವೂ ಇಬ್ಬರೂ ನೀರಿಗಿಳಿದರು. ಈ ಸಲವೂ ಅವನು ಹಿಂದೆಯೇ ಕೂತ. ವ್ಯತ್ಯಾಸವೆಂದರೆ, ಈಗ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಗುರುವಾರ ಕೊನೆಯ ಅಲೆಯಲ್ಲಿ ಅವಳು ನಿಂತಳು. ನಡುಗುತ್ತಲೇ, ದಡದವರೆಗೂ.

ಮೇಣದ ಮೇಲೆ ಗುರುತು ಮೂಡಿತ್ತು: ಮೊದಲಿಗಿಂತ ಒಂದು ಅಂಗೈ ಮುಂದೆ, ಸರಿಯಾಗಿ ನಡುಗೆರೆಯ ಮೇಲೆ. ಹಿಮ್ಮಡಿ ಆಳವಾಗಿತ್ತು, ಕಿರುಬೆರಳ ಕಡೆ ಖಾಲಿ. ಶುಕ್ರವಾರ ಬೆಳಿಗ್ಗೆ ಗ್ಯಾರೆಟ್ ನಾಲ್ಕು ಬಗೆಯ ಪ್ಯಾಡುಗಳನ್ನು ನೆಲದ ಮೇಲೆ ಹರಡಿ, ಅವಳಿಗೆ ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ನಿಲ್ಲಲು ಹೇಳಿದ. ಮೂರನೆಯದರ ನಡುವಿನಲ್ಲಿ ಎತ್ತರದ ದಿಂಡು ಇತ್ತು. ಅದು ಪಾದದ ಕಮಾನಿಗೆ ಸರಿಯಾಗಿ ಒತ್ತಿದ ಕೂಡಲೇ, ಕಾಲು ಎಲ್ಲಿದೆಯೆಂದು ಅವಳಿಗೆ ನೋಡದೆಯೇ ತಿಳಿಯಿತು.

"ಇದು," ಎಂದಳು.

"ಬೆರಳು ಹೇಳದ್ದನ್ನ ಇನ್ಮೇಲೆ ಅಂಗಾಲು ಹೇಳುತ್ತೆ," ಎಂದ ಅವನು.

ಮೇಣ ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಪೆನ್ಸಿಲಿನಿಂದ ಗೆರೆ ಎಳೆದು ಅವನು ಪ್ಯಾಡ್ ಇಟ್ಟ. ಅಂಚಿನಲ್ಲಿ ಗಾಳಿ ಉಳಿಯದಂತೆ ಇಬ್ಬರೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು, ಅವಳು ಆ ತುದಿಯಿಂದ, ಅವನು ಈ ತುದಿಯಿಂದ. ಹೆಬ್ಬೆರಳುಗಳು ನಡುವೆ ಸೇರಿದವು. ಯಾರೂ ತೆಗೆಯಲಿಲ್ಲ.

ಅವಳು ಇನ್ನೊಂದು ಕೈಯಲ್ಲೇ ಅಕ್ಕನಿಗೆ ಫೋನ್ ಮಾಡಿ, ಹಿಲೋಗೆ ಬರುವುದಿಲ್ಲ ಎಂದು ಹೇಳಿದಳು. ಯಾಕೆಂದು ಅಕ್ಕ ಕೇಳಿದ್ದಕ್ಕೆ, ಕಾಲು ನಿಂತಿತು ಎಂದಳು.

"ಹಾಗಾದ್ರೆ ಈಗ್ಲೇ ಹೋಗೋಣ್ವಾ ನೀರಿಗೆ?" ಫೋನಿಟ್ಟು ಕೇಳಿದಳು.

"ಅಂಟು ಹಿಡಿಯೋಕೆ ಇಪ್ಪತ್ತನಾಲ್ಕು ಗಂಟೆ ಬೇಕು. ಅಲ್ಲಿವರೆಗೆ ಒದ್ದೆ ಮಾಡೋ ಹಾಗಿಲ್ಲ."

"ಅಷ್ಟು ಹೊತ್ತು ಏನ್ಮಾಡೋದು?"

ಗ್ಯಾರೆಟ್ ಡಬ್ಬಿ ತೆರೆದು ನೋಡಿದ. ಅಂಕಲ್ ಸೋಲ್ ಉಳಿಸಿದ್ದು ಒಂದೇ ಮೋಚಿ. ಅದನ್ನು ಎರಡು ಮಾಡಿ, ದೊಡ್ಡ ತುಂಡನ್ನು ಅವಳಿಗೆ ಕೊಟ್ಟ.

"ಎಂಟು ವರ್ಷ ಬರೀ ಬೆನ್ನು ನೋಡಿದೀನಿ," ಎಂದ. "ಇವತ್ತೊಂದಿನ ಎದುರಿಗೆ ಕೂತ್ಕೊ."