ಎಡಗಾಲಿನ ಗುರುತು

ಬೇಸಿಗೆಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿಯ ಅಂಚಿನಲ್ಲಷ್ಟೇ ಕುಳಿತಳು. ಕಾಳಗದ ಕೋಳಿಗಳ ತಳಿ ಕಾಪಾಡುವುದರಲ್ಲಿ ಅವಳ ಗಂಡನದು ಎತ್ತಿದ ಕೈ. ಚಳಿಗಾಲದಲ್ಲಿ ತನ್ನ ಕೊನೆಯ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಟವನು ಮರಳಿರಲಿಲ್ಲ.

"ಆ ಹುಂಜ ಕೂಗ್ತಿದೆ ಸಾರ್. ನೆಲದ ಅಡಿಯಿಂದ. ಮೈದುನನ ಮನೆಗೂ ನಮಗೂ ಮಧ್ಯೆ ಒಂದೇ ಗೋಡೆ."

ದಫೇದಾರ ಮೀಸೆಯಡಿ ನಕ್ಕ. "ಕೋಳಿ ಕೂಗಿದ್ದಕ್ಕೆ ಎಫ್‌ಐಆರ್ ಹಾಕಿದ್ರೆ, ನಾಳೆ ಬೆಕ್ಕು ಅಡ್ಡ ಬಂದಿದ್ದಕ್ಕೂ ಹಾಕ್ಬೇಕು ಸಾರ್."

ಇನ್ಸ್‌ಪೆಕ್ಟರ್ ನಗಲಿಲ್ಲ. "ಅದೇ ಹುಂಜ ಅಂತ ಹೇಗೆ ಹೇಳ್ತೀರಮ್ಮ?"

"ಕೂಗು ಕೊನೇಲಿ ಮುರಿಯುತ್ತೆ, ಕೆಮ್ಮಿದ ಹಾಗೆ. ಅದರಪ್ಪಂದೂ ಹಾಗೇ ಇತ್ತು."

"ಬಣ್ಣ?"

"ಬಣ್ಣ ನಂಬ್ಬೇಡಿ, ಮೋಸ ಮಾಡುತ್ತೆ. ಕಾಲು ನೋಡಿ. ಮರಿ ಹುಟ್ಟಿದ ದಿನಾನೇ ನಮ್ಮವರು ಎಡಗಾಲಿನ ಬೆರಳ ನಡುವಿನ ತೊಗಲು ಸೀಳ್ತಿದ್ರು. ಮೈದುನ ತನ್ನ ತಳಿಗೆ ಬಲಗಾಲಲ್ಲಿ ಸೀಳ್ತಾನೆ. ಅಪ್ಪ ಯಾವ ರಕ್ತವೋ, ಗುರುತೂ ಅದರದೇ."

ಇನ್ಸ್‌ಪೆಕ್ಟರ್ ಮತ್ತು ದಫೇದಾರ ಹೋದಾಗ ಮೈದುನ ತನ್ನ ಮನೆಯ ಅಂಗಳದಲ್ಲಿ ಮರಿಗಳ ನೀರಿನ ಬಟ್ಟಲು ತೊಳೆಯುತ್ತಿದ್ದ. ಹೇಂಟೆಗಳೆಲ್ಲ ಮನೆಯ ಕಡೆಗೇ ಮುಖ ಮಾಡಿ ನಿಂತಿದ್ದವು. ಒಂದೂ ಮಣ್ಣು ಕೆದಕುತ್ತಿರಲಿಲ್ಲ.

"ನಿನ್ನಣ್ಣನ ಹುಂಜ ಎಲ್ಲಿ?"

"ಅಣ್ಣ ಎಲ್ಲೋ ಅಲ್ಲೇ, ಸಾರ್."

"ಈ ಮರಿಗಳು?"

"ಹೋದ ವಾರ ಒಡೆದಿದ್ದು." ಹೇಳುವಾಗ ಅವನ ಮುಖ ಅರಳಿತು.

ಇನ್ಸ್‌ಪೆಕ್ಟರ್ ಒಂದು ಮರಿಯನ್ನು ಅಂಗೈಯಲ್ಲಿ ಮಗುಚಿ ನೋಡಿದರು. ಬಲಗಾಲು ಹಾಗೇ ಇತ್ತು. ಎಡಗಾಲಿನ ತೊಗಲಿನಲ್ಲಿ ಈಗಷ್ಟೇ ಮಾಗಿದ ಸೀಳು.

"ಇದರಪ್ಪ?"

"ಅಣ್ಣ ಇದ್ದಾಗ ಹೇಂಟೆ ಹತ್ರ ಬಿಟ್ಟಿದ್ದು ಸಾರ್. ಹಳೇ ಕೂಡಿಕೆ."

"ಹುಂಜ ದೂರ ಆದ ಮೇಲೆ ಹೇಂಟೆ ಮರಿಯಾಗೋ ಮೊಟ್ಟೆ ಇಡೋದು ಎರಡು ಮೂರು ವಾರ ಅಷ್ಟೇ. ಕಾವಿಗೆ ಇನ್ನು ಮೂರು ವಾರ. ನಿನ್ನಣ್ಣ ಹೋಗಿದ್ದು ಚಳಿಗಾಲದಲ್ಲಿ. ಹುಂಜ ಎಲ್ಲೂ ಹೋಗಿಲ್ಲ. ಹಾಗಾದ್ರೆ ಅದನ್ನ ಎತ್ತಿಕೊಂಡು ಹೋದವನು?"

ಮೈದುನ ಬಾಯಿ ತೆರೆಯುವ ಮೊದಲೇ ಮನೆಯೊಳಗೆ, ನೆಲದಡಿಯಿಂದ ಕೂಗು ಎದ್ದಿತು. ಉದ್ದಕ್ಕೆ ಏರಿ, ಕೊನೆಗೆ ಕೆಮ್ಮಿದಂತೆ ಮುರಿಯಿತು. ದಫೇದಾರನ ಲಾಠಿ ಕೈಜಾರಿತು.

ನೆರೆಯ ಇಬ್ಬರನ್ನು ಪಂಚರಾಗಿ ಕರೆಸಿ ಒಳಕೋಣೆಯ ಚಪ್ಪಡಿ ಎಬ್ಬಿಸಿದರು. ಕೂಗದಿರಲೆಂದು ಕತ್ತಲು ಕವಿಸಿದ್ದ ಗುಂಡಿ. ಉಬ್ಬಿದ ಮಣ್ಣಿನ ಮೇಲೆ ಹುಂಜ ನಿಂತಿತ್ತು. ಬೆಳಕು ಬಿದ್ದರೂ ಅದರ ಬಿಳಿಗಣ್ಣು ಮಿಟುಕಲಿಲ್ಲ. ಅದನ್ನು ಎತ್ತಿಕೊಳ್ಳಲು ಯಾರೂ ಮುಂದಾಗಲಿಲ್ಲ, ತಮ್ಮನೇ ಎತ್ತಿದ. ಮಣ್ಣು ಸರಿಸಿದಾಗ ಮೊದಲು ಕಂಡದ್ದು ಅಣ್ಣನ ಕೈ, ಕಂಕುಳಲ್ಲಿ ಏನನ್ನೋ ಅವಚಿದಂತೆ ಬಾಗಿದ ಕೈ. ಪಂಚನಾಮೆ ಮುಗಿದ ಮೇಲೆ ತಮ್ಮನನ್ನು ಬಂಧಿಸಲಾಯಿತು.

ಜೀಪಿನಲ್ಲಿ ದಫೇದಾರನಿಗೆ ತಡೆಯಲಾಗಲಿಲ್ಲ. "ಮರಿಗಳಿಗೆ ನಿನ್ನ ಗುರುತೇ ಹಾಕಿದ್ರೆ ಬಚಾವಾಗ್ತಿದ್ಯಲ್ಲೋ!"

"ಆ ರಕ್ತಕ್ಕೆ ನನ್ನ ಗುರುತಾ?" ತಮ್ಮ ನಿಜಕ್ಕೂ ನೊಂದಂತೆ ಕಂಡ. "ಅದು ಕಳ್ಳತನ ಆಗುತ್ತೆ."

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಅಣ್ಣ ಒಂದು ಮರಿಯನ್ನೂ ಯಾರಿಗೂ ಕೊಟ್ಟವನಲ್ಲ. ಈ ರಕ್ತ ತನ್ನೊಂದಿಗೇ ಮುಗಿಯಲಿ ಎಂದು, ಕೊನೆಯ ಹುಂಜದ ಕತ್ತು ತಿರುಚಲು ಹೊರಟಿದ್ದ. ತಮ್ಮ ಅಡ್ಡ ಬಂದ.

"ಅಣ್ಣ ಹೋದ್ರೆ ಅಳೋಕೆ ಅತ್ತಿಗೆ ಇದಾರೆ," ಎಂದು ಬರೆಸಿದ. "ಅದು ಹೋದ್ರೆ ಅಂಥದ್ದು ಇನ್ನೆಲ್ಲೂ ಇಲ್ಲ ಸಾರ್."