ಪೊಟ್ಟಣದ ಹಿಂಬದಿ ಓದುವವನು

"ರೀ, ಅದನ್ನ ತಗೋತೀರೋ ಇಲ್ವೋ?"

ಮುಕ್ಕಾಲು ಗಂಟೆಯಿಂದ ಕುರುಕಲು ತಿಂಡಿಗಳ ಸಾಲಿನಲ್ಲಿ ನಿಂತು ಒಂದೊಂದೇ ಪೊಟ್ಟಣ ತಿರುಗಿಸಿ ನೋಡುತ್ತಿದ್ದವನ ಕೈಯಿಂದ ಅವಳು ಬಿಸ್ಕತ್ತನ್ನು ಕಿತ್ತೇಬಿಟ್ಟಳು. ಚಿಕ್ಕಮ್ಮನ ಅಂಗಡಿಗೆ ಕಳ್ಳನೇ ಬಂದಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು!

ಅವನು ಬೆಚ್ಚಿದ. ಆಮೇಲೆ ನಕ್ಕ. ಅಯ್ಯೋ, ಆ ನಗು...

"ಓದ್ತಾ ಇದ್ದೆ ಅಷ್ಟೇ. ಕಾಡಲ್ಲಿ ಸರ್ವೆ ಮಾಡೋವಾಗ ಉಣ್ಣಿ ಹುಳ ಕಚ್ತು. ಅವತ್ತಿಂದ ಕುರಿ, ದನ, ಹಂದಿ... ಯಾವ ಮಾಂಸವೂ ಮೈಗೆ ಆಗಲ್ಲ. ಅಲರ್ಜಿ."

"ಬಿಸ್ಕತ್ತಲ್ಲಿ ಮಾಂಸ ಎಲ್ಲಿಂದ ಬರುತ್ತೆ?"

"ಕೊಬ್ಬು ಇರುತ್ತೆ, ಜೆಲಟಿನ್ ಇರುತ್ತೆ. ಅದೂ ಪ್ರಾಣಿಗಳದ್ದೇ. ನನಗೆ ಹಾಲು ಹೇಗೋ ಒಗ್ಗುತ್ತೆ, ಇವು ಒಗ್ಗಲ್ಲ. ತಿಂದು ನಾಲ್ಕೈದು ಗಂಟೆ ಆದ್ಮೇಲೆ ಮೈಯೆಲ್ಲ ದದ್ದು, ಉಸಿರೇ ಕಟ್ಟುತ್ತೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಆಮೇಲೆ ಅವನು ಪ್ರತಿ ಬುಧವಾರ ಅಂಗಡಿಗೆ ಬರತೊಡಗಿದ. ಆ ಬುಧವಾರಗಳನ್ನು ನೆನೆದರೆ ಈಗಲೂ ಅವಳ ಮನಸ್ಸು ಮೆತ್ತಗಾಗುತ್ತದೆ. ಇಬ್ಬರೂ ಕೆಳಗಿನ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇರುವೆಸಾಲಿನಂಥ ಅಕ್ಷರಗಳನ್ನು ಓದುತ್ತಿದ್ದರು. ಅನುಮಾನ ಬಂದರೆ ಅವಳು ನೇರ ಕಂಪನಿಗೇ ಫೋನು ಹಚ್ಚುವಳು. "ಸ್ವಾಮಿ, ಈ ಕೊಬ್ಬು ಗಿಡದ್ದೋ ಪ್ರಾಣಿದೋ? ಗೊತ್ತಿಲ್ಲ ಅಂದ್ರೆ ಗೊತ್ತಿರೋರಿಗೆ ಕೊಡಿ!" ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಒಂದು ಬುಧವಾರ ನಿಂಬೆ ಕ್ರೀಮಿನ ಬಿಸ್ಕತ್ತಿನ ಹೊಸ ಸರಕು ಬಂದಿತ್ತು. ಅವನಿಗೆ ಅದೆಂದರೆ ಪ್ರಾಣ. ಹಿಂದೆಯೇ ಓದಿದ್ದೇವಲ್ಲ ಎಂದು ಅವಳು ಧೈರ್ಯವಾಗಿ ಕೊಟ್ಟಳು. ಅವಳು ಕೊಟ್ಟಳೆಂದು ಅವನೂ ಓದಲಿಲ್ಲ. ಹೊದಿಕೆ ಅದೇ, ಬಣ್ಣ ಅದೇ. ಆದರೆ ಈ ಸಲ ಕಂಪನಿ ಕ್ರೀಮಿಗೆ ಜೆಲಟಿನ್ ಸೇರಿಸಿತ್ತು, ಹಿಂಬದಿಯಲ್ಲಿ ಬರೆದೂ ಇತ್ತು!

ಮಧ್ಯಾಹ್ನ ತಿಂದವನು ಸಂಜೆಗೆ ಆಸ್ಪತ್ರೆ ಸೇರಿದ.

ಚೇತರಿಸಿಕೊಂಡು ಬಂದಾಗ ಅವಳು ತಲೆ ಎತ್ತಲಿಲ್ಲ. ನನ್ನ ಕೈಯಿಂದಲೇ ಇವನ ಜೀವ ಹೋಗುತ್ತಿತ್ತಲ್ಲ!

"ಬೇರೆ ಅಂಗಡಿ ನೋಡ್ಕೊಳ್ಳಿ," ಎಂದುಬಿಟ್ಟಳು.

ಇವಳಿಗೆ ನಾನು ಬೇಡವಾದೆ ಎಂದುಕೊಂಡು ಅವನು ಹೊರಟುಹೋದ.

ಅವನ ಸರ್ವೆ ಕಚೇರಿ ಎರಡೇ ಬೀದಿ ಆಚೆ. ಅಲ್ಲಿಗೆ ಹೋಗಲು ಅವಳಿಗೆ ಏಳು ತಿಂಗಳು ಹಿಡಿಯಿತು. ಅದೂ "ಮುಖ ಬಾಡಿಸ್ಕೊಂಡು ಎಷ್ಟು ದಿನ ಕೂತಿರ್ತೀಯೇ? ಹೋಗಿ ಮಾತಾಡಿ ಬಾ!" ಎಂದು ಚಿಕ್ಕಮ್ಮ ಗದರಿದ ಮೇಲೆ.

ಅವನು ನಕಾಶೆಯೊಂದರ ಮೇಲೆ ಬಾಗಿದ್ದ. ಅವಳನ್ನು ಕಂಡು ಪೆನ್ಸಿಲ್ ಕೈಬಿಟ್ಟ.

"ಅವತ್ತು ನಂಗೆ ಹೆದರಿಕೆ ಆಗಿತ್ತು," ಅವಳು ಪೆನ್ಸಿಲ್ ಎತ್ತಿಕೊಟ್ಟಳು. "ಅದಕ್ಕೇ ಹಾಗಂದೆ... ಈಗ ಯಾವ ಅಂಗಡಿಗೆ ಹೋಗ್ತೀರಿ?"

"ಯಾವುದಕ್ಕೂ ಇಲ್ಲ. ಕುರುಕಲು ತಿನ್ನೋದನ್ನೇ ಬಿಟ್ಟೆ."

"ಯಾಕೆ, ಒಬ್ರೇ ಓದೋಕಾಗಲ್ವಾ?"

"ಆಗುತ್ತೆ. ನೀವು ಪಕ್ಕದಲ್ಲಿ ಇಲ್ದೆ ಮನಸ್ಸು ಬರಲ್ಲ."

ಅವಳ ಕಣ್ಣು ತುಂಬಿ ಬಂತು. "ಮತ್ತೆ ತಪ್ಪಾದ್ರೆ?"

"ಪ್ರತಿ ಸಲವೂ ಇಬ್ರೂ ಓದೋಣ. ಹೆದರಿಕೆ ಆದ್ರೆ ಹೆದರ್ಕೋ. ನನ್ನ ಮಾತ್ರ ಕಳಿಸ್ಬೇಡ."

"ಕಳಿಸಲ್ಲ... ನೀನೂ ಅಷ್ಟೇ. ನಾನು ಹೋಗು ಅಂದ ತಕ್ಷಣ ಹೊರಟುಹೋಗ್ಬೇಡ."

"ಇಲ್ಲ ಕಣೇ... ಹೋಗಲ್ಲ."