ಆರನೇ ತೊಟ್ಟಿಯ ಹನ್ನೊಂದು ಕಪ್ಪೆಗಳು

ಸೋಮವಾರ ಬೆಳಿಗ್ಗೆ 9.20. ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ತಂದಿದ್ದ ದೂರನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಪ್ರಯೋಗಾಲಯದಿಂದ ಹನ್ನೊಂದು ಕಪ್ಪೆಗಳು ಕಳುವಾಗಿವೆ. ಬೀಗ ಒಡೆದಿಲ್ಲ.

"ಕಪ್ಪೆನಾ ಮೇಡಂ?"

"ಕಪ್ಪೆನೇ. ಹೊರಗೆ ಹಳ್ಳದಲ್ಲಿ ಈ ಜಾತಿ ಬೆರಳೆಣಿಕೆಯಷ್ಟು ಉಳಿದಿದೆ. ಮಿಕ್ಕಿದ್ದೆಲ್ಲ ನಮ್ಮ ಲ್ಯಾಬಲ್ಲೇ ಇರೋದು."

ಮಹಿಳಾ ಪೇದೆ ಕಡತದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಬೀಗ ಒಡೆಯದ ಕಳ್ಳತನವೆಂದರೆ ಒಳಗಿನವರದೇ ಕೈವಾಡ. ದೂರು ಕೊಟ್ಟವರನ್ನೂ ಅವರು ಒಳಗಿನವರ ಲೆಕ್ಕಕ್ಕೇ ಸೇರಿಸುತ್ತಿದ್ದರು. ಎಫ್‌ಐಆರ್ ದಾಖಲಾಯಿತು.

10.45ಕ್ಕೆ ಸ್ಥಳ ಪಂಚನಾಮೆ. ಸಾಲಾಗಿ ಹನ್ನೆರಡು ಗಾಜಿನ ತೊಟ್ಟಿಗಳು. ಆರನೆಯದು ಖಾಲಿ. ಕಳ್ಳ ಮುಚ್ಚಳವನ್ನು ಸರಿಯಾಗಿ ಮುಚ್ಚಿ, ದೀಪ ಆರಿಸಿ ಹೋಗಿದ್ದ. ಇಷ್ಟು ಮರ್ಯಾದಸ್ಥ ಕಳ್ಳನನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಬೀಗದ ಕೈ ಇದ್ದದ್ದು ಮೂವರ ಬಳಿ: ಪ್ರೊಫೆಸರಮ್ಮ, ಐದು ವರ್ಷದಿಂದ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿ, ಮತ್ತು ಎಲ್ಲರೂ 'ಕಪ್ಪೆ ಮಾವ' ಎಂದು ಕರೆಯುವ ಅಟೆಂಡರ್. ಇನ್‌ಸ್ಪೆಕ್ಟರ್ ಮೂರೂ ಬೀಗದ ಕೈಗಳನ್ನು ವಶಪಡಿಸಿಕೊಂಡು ಕೋಣೆಗೆ ಸೀಲು ಹಾಕಿಸಿದರು. ದಿನಕ್ಕೊಮ್ಮೆ ಪೇದೆಯ ಎದುರಿಗೆ ಕಪ್ಪೆ ಮಾವ ಮಾತ್ರ ಒಳಹೋಗಿ ಆಹಾರ ಹಾಕಿ ಕೂಡಲೇ ಹೊರಬರಬೇಕು. ವಿದ್ಯಾರ್ಥಿನಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದಳು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

"ಯಾರ ಮೇಲಾದ್ರೂ ಅನುಮಾನ?" ಎಂದು ಕಪ್ಪೆ ಮಾವನನ್ನು ಕೇಳಿದರು.

"ಯಾರ ಮೇಲೆ ಅಂತ ಹೇಳಲಿ ಸ್ವಾಮಿ? ತಗೊಂಡೋದವ್ರು ನಲ್ಲಿ ನೀರು ನೇರ ಹಾಕ್ಬಿಟ್ರೆ ಕತೆ ಮುಗೀತು. ಕ್ಲೋರಿನ್ ಹೋಗೋವರೆಗೆ ಬಕೆಟಲ್ಲಿ ಒಂದು ದಿನ ತೆರೆದಿಡ್ಬೇಕು. ಅದೂ ನಮ್ಮವರಿಗೆ ಬಿಟ್ರೆ ಯಾರಿಗೆ ಗೊತ್ತು?" ಮುದುಕನ ಕಣ್ಣು ತುಂಬಿತು.

ಪ್ರಯೋಗಾಲಯದ ರಿಜಿಸ್ಟರಿನ ಒಂದು ಸಾಲಿನ ಮೇಲೆ ಇನ್‌ಸ್ಪೆಕ್ಟರ್ ಬೆರಳಿಟ್ಟರು. 'ಸೋಮವಾರ: ಆರನೇ ತೊಟ್ಟಿ, ವಿಲೇವಾರಿ.' ಪ್ರೊಫೆಸರಮ್ಮನ ಸಹಿ.

"ವಿಲೇವಾರಿ ಅಂದ್ರೆ ಏನು ಮೇಡಂ?"

"ಕೊಲ್ಲೋದು."

"ಅಲ್ರೀ, ಕೊಲ್ಲೋಕೆ ಇಟ್ಟಿದ್ದನ್ನ ಕದ್ರು ಅಂತ ಕಂಪ್ಲೇಂಟಾ? ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

ಪ್ರೊಫೆಸರಮ್ಮನ ಮುಖ ಕಪ್ಪಿಟ್ಟಿತು. "ನಾಚಿಕೆ. ಅವಕ್ಕೆ ಚರ್ಮದ ಬೂಸು ರೋಗ ಅಂತ ಪರೀಕ್ಷೆಯಲ್ಲಿ ಬಂತು. ಒಂದು ತೊಟ್ಟಿ ಹೋದ್ರೆ ಉಳಿದ ಹನ್ನೊಂದು ತೊಟ್ಟಿ ಉಳೀತವೆ. ಕದ್ದವ್ರು ಅವನ್ನ ಹಳ್ಳಕ್ಕೆ ಬಿಟ್ರೆ ಹಳ್ಳದಲ್ಲಿರೋವೂ ಸಾಯ್ತವೆ. ಬೇಗ ಹುಡುಕಿ, ದಮ್ಮಯ್ಯ."

"ಪರೀಕ್ಷೆ ಮಾಡಿದ್ದು?"

"ನನ್ನ ವಿದ್ಯಾರ್ಥಿನಿ. ಅವಳು ನೋಡಿದಾಳೆ ಅಂದ್ಮೇಲೆ ನಾನು ಮತ್ತೆ ನೋಡಲ್ಲ."

ಮೂರು ದಿನ ಹಳ್ಳದ ದಂಡೆ, ಸಾಕುಪ್ರಾಣಿ ಅಂಗಡಿ ಎಲ್ಲ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ. ಗುರುವಾರ ಮೂರೂ ಮನೆಗಳ ಶೋಧ. ಪ್ರೊಫೆಸರಮ್ಮನ ಮನೆಯಲ್ಲಿ ಬರೀ ಪುಸ್ತಕ. ಕಪ್ಪೆ ಮಾವನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ.

3.10ಕ್ಕೆ ವಿದ್ಯಾರ್ಥಿನಿ ಇದ್ದ ಅವಳ ಅಕ್ಕನ ಮನೆ. ಹಿತ್ತಿಲಲ್ಲಿ ನಾಲ್ಕು ಬಕೆಟ್ ನೀರು, ಒಂದಕ್ಕೂ ಮುಚ್ಚಳವಿಲ್ಲ. ಪಕ್ಕದ ನಲ್ಲಿ ತಿರುಗಿಸಿದರೆ ನೀರು ಧೋ ಎಂದು ಸುರಿಯಿತು.

"ಇಷ್ಟು ನೀರಿರೋವಾಗ ಹಿಡಿದಿಟ್ಟಿರೋದ್ಯಾಕಮ್ಮ?"

"ನನ್ನ ತಂಗೀನ ಕೇಳಿ ಸಾರ್! ಭಾನುವಾರದಿಂದ ಅದೇನು ಹುಚ್ಚೋ. ಬಟ್ಟೆ ಒಗೆಯೋಕೂ ಮುಟ್ಟಗೊಡಲ್ಲ," ಎಂದು ಅಕ್ಕ ಸಿಡುಕಿದಳು.

ಇನ್‌ಸ್ಪೆಕ್ಟರ್ ನೇರ ತಂಗಿಯ ಕೋಣೆಗೆ ನಡೆದರು. ಮಂಚದ ಕೆಳಗೆ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒದ್ದೆ ಪಾಚಿ. ಎಣಿಸಿದರು. ಹನ್ನೊಂದೂ ಜೀವಂತ. ಬಾಗಿಲಲ್ಲಿ ನಿಂತಿದ್ದ ವಿದ್ಯಾರ್ಥಿನಿ ಓಡಲಿಲ್ಲ, ಬಡಬಡನೆ ಮಾತಾಡತೊಡಗಿದಳು.

"ನನ್ನ ಹಿಡ್ಕೊಂಡು ಹೋಗಿ ಸಾರ್. ಮೊದ್ಲು ಒಂಬತ್ತನೇ ತೊಟ್ಟಿ ಬೇರೆ ಇಡೋಕೆ ಹೇಳಿ! ರೋಗ ಇರೋದು ಅದಕ್ಕೆ, ಇವಕ್ಕಲ್ಲ!"

ಕಾಗದದ ಚೂರಿನ ಮೇಲೆ 6 ಎಂದು ಬರೆದು ತಿರುಗಿಸಿ ತೋರಿಸಿದಳು. ಮಾದರಿ ತುಂಬಿದ ಪುಟ್ಟ ಸೀಸೆಗಳ ಗುಂಡು ಮುಚ್ಚಳದ ಮೇಲೆ ಅಂಕಿ ಬರೆದರೆ ಅಡಿಗೆರೆ ಎಳೆಯಬೇಕು. ಅವಳು ಎಳೆಯದೆ 9ನ್ನು 6 ಎಂದು ಓದಿದ್ದಳು. ಶನಿವಾರ ಒಂಬತ್ತನೇ ತೊಟ್ಟಿಯ ಕಪ್ಪೆಯೊಂದರ ಚರ್ಮ ಸುಲಿಯುತ್ತಿದ್ದದ್ದು ಕಂಡಾಗ ತಪ್ಪು ಗೊತ್ತಾಗಿತ್ತು. ಅಂದಿನಿಂದ ಗುಟ್ಟಾಗಿ ಅವಕ್ಕೆ ಮದ್ದಿನ ನೀರು ಹಾಕಿದಳು. ಆರನೆಯವನ್ನು ಭಾನುವಾರ ಮಧ್ಯಾಹ್ನ ಚೀಲದಲ್ಲಿಟ್ಟು ಮನೆಗೆ ತಂದಳು. ಸೋಮವಾರ ಬಾಗಿಲಿಗೆ ಸೀಲು ಬಿತ್ತು. ಮದ್ದು ನಿಂತಿತು.

ಇನ್‌ಸ್ಪೆಕ್ಟರ್ ಪ್ರೊಫೆಸರಮ್ಮನಿಗೆ ಫೋನಿನಲ್ಲಿ ಎಲ್ಲ ತಿಳಿಸಿ, ಸೀಲು ತೆಗೆಯಲು ಪೇದೆಯನ್ನು ಓಡಿಸಿದರು. ಮಹಿಳಾ ಪೇದೆ ಹುಡುಗಿಯ ತೋಳು ಹಿಡಿದಳು. ದಸ್ತಗಿರಿ, 3.55.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಇನ್‌ಸ್ಪೆಕ್ಟರ್ ಕೇಳಿದರು. "ತಪ್ಪಾಯ್ತು ಅಂತ ಒಂದು ಮಾತು ಮೇಡಂಗೆ ಹೇಳಿದ್ರೆ ಆಗ್ತಿತ್ತಲ್ಲಮ್ಮ?"

"ಬಾಗಿಲವರೆಗೂ ಹೋಗಿದ್ದೆ ಸಾರ್, ಎರಡು ಸಲ. ಐದು ವರ್ಷದಲ್ಲಿ ಒಂದು ದಿನಾನೂ ಅವ್ರು ನನ್ನ ಕೆಲಸ ತಿರುಗಿ ನೋಡಿಲ್ಲ. ಅಷ್ಟು ನಂಬಿದವ್ರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

5.40ಕ್ಕೆ ಪ್ರೊಫೆಸರಮ್ಮ ಬಂದರು. ಒಂಬತ್ತನೇ ತೊಟ್ಟಿಯ ಹದಿನಾಲ್ಕರಲ್ಲಿ ಮೂರು ಉಳಿದಿದ್ದವು. ಅದನ್ನಷ್ಟೇ ಇನ್‌ಸ್ಪೆಕ್ಟರಿಗೆ ತಿಳಿಸಿ, ಹುಡುಗಿಯಿದ್ದ ಒಳಕೋಣೆಯ ಕಡೆ ಒಮ್ಮೆ ನೋಡಿ ಹೊರಟುಹೋದರು.

ಹುಡುಗಿ ಎದ್ದು ನಿಂತಿದ್ದಳು. "ಮೇಡಂ ಬೈದ್ರಾ ಸಾರ್?"

"ಇಲ್ಲಮ್ಮ. ಏನೂ ಅನ್ಲಿಲ್ಲ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅಳತೊಡಗಿದಳು.